ಬಣ್ಣದ ಜೊತೆ ಹುಟ್ಟಿದ ನಡುಕ

ಕಾರ್ತಿಕ ಮಾಸದ ಕೊನೆಯ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಗೆ ಗಾಡಿ ಬಿಡುತ್ತಿರಲಿಲ್ಲ. ಅಂಥ ಸಂಜೆ ಯಾರು ಬರುತ್ತಾರೆ ಎಂದುಕೊಂಡು ಚಾಮರಾಜಪೇಟೆಯ ನನ್ನ ಕ್ಲಿನಿಕ್ಕಿನ ಶಟರ್ ಅರ್ಧ ಎಳೆದಿದ್ದೆ. ಆಟೋ ನಿಂತ ಸದ್ದಾಯಿತು. ಇಂಜಿನಿಯರಿಂಗ್ ಓದುವ ವಯಸ್ಸಿನ ಹುಡುಗನೊಬ್ಬ ಇಳಿದ. ಎದೆಗೆ ಅವಚಿ ಹಿಡಿದ ಪ್ಲಾಸ್ಟಿಕ್ ಡಬ್ಬದ ಮುಚ್ಚಳಕ್ಕೆ ಸಾಲಾಗಿ ತೂತು ಕೊರೆದಿತ್ತು. ಹಿಂದೆಯೇ ಅವನ ಅಜ್ಜಿ ಬಂದರು. ಅವರ ಕೈಯಲ್ಲಿ ಪರಿಷೆಯ ಕಡಲೆಕಾಯಿ ಚೀಲ.

"ಡಾಕ್ಟ್ರೇ, ಇವನ ಹಾವಿಗೆ ಏನೋ ಆಗಿದೆ ನೋಡಿ. ತಲೆ ನಿಲ್ತಾನೇ ಇಲ್ಲ" ಎಂದರು ಅಜ್ಜಿ.

ಡಬ್ಬದೊಳಗೆ ದಿಂಬಿನ ಕವರು, ಕವರಿನೊಳಗೆ ಹಾವು. ಆಫ್ರಿಕಾದ ಸಣ್ಣ ಹೆಬ್ಬಾವು. ಸಾಕುವವರು ಬಾಲ್ ಪೈಥಾನ್ ಎಂದು ಕರೆಯುತ್ತಾರೆ. ವಿಷವಿಲ್ಲ, ಬೆಳೆದರೂ ಮೂರು ನಾಲ್ಕು ಅಡಿ. ಹೆದರಿದಾಗ ಮೈಯನ್ನು ಚೆಂಡಿನಂತೆ ಸುತ್ತಿ ತಲೆಯನ್ನು ನಡುವೆ ಹುದುಗಿಸಿಕೊಳ್ಳುತ್ತದೆ, ಹಾಗಾಗಿ ಆ ಹೆಸರು. ಇದೂ ಸುತ್ತಿಕೊಂಡಿತು. ಆದರೆ ತಲೆಗೆ ಒಳಗೆ ಸೇರುವ ದಾರಿ ಸಿಗಲಿಲ್ಲ. ಅದು ಸುರುಳಿಯ ಹೊರಗೇ ಉಳಿದು ಎಡಕ್ಕೂ ಬಲಕ್ಕೂ ತೂಗಾಡುತ್ತಿತ್ತು. ಜೇನಿನ ಬಣ್ಣದ ಮೈ ಮೇಲೆ ದಾರದಷ್ಟು ತೆಳುವಾದ ಕಪ್ಪು ಗೆರೆಗಳು, ಜೇಡರ ಬಲೆ ಹಾಸಿದಂತೆ. ನಿಜಕ್ಕೂ ಚೆಂದದ ಹಾವು.

ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಮನೆಯಲ್ಲಿ ಜಿರಳೆ ಸ್ಪ್ರೇ ಹೊಡೆದಿದ್ದರಾ? ಉಣ್ಣೆಗೆಂದು ಏನಾದರೂ ಔಷಧಿ ಹಚ್ಚಿದ್ದರಾ? ಬಿಸಿ ಕೊಡುವ ಪ್ಯಾಡ್ ಅತಿಯಾಗಿ ಕಾದಿತ್ತಾ? ಬಿದ್ದಿತ್ತಾ? ಹಾವಿನ ತಲೆ ನಡುಗುವುದಕ್ಕೆ ವಿಷ, ಸೋಂಕು, ಪೆಟ್ಟು, ವಿಟಮಿನ್ ಕೊರತೆ, ಅತಿಯಾದ ಕಾವು, ಹೀಗೆ ಹತ್ತು ಕಾರಣ ಇರಬಹುದು. ಎಲ್ಲಕ್ಕೂ ಹುಡುಗ ಇಲ್ಲ ಎಂದ. ತೂಕ ನೋಡಿದೆ, 410 ಗ್ರಾಂ, ವಯಸ್ಸಿಗೆ ಸರಿಯಾಗಿತ್ತು. ಬಾಯಿ ಶುಚಿ, ಉಸಿರು ಸಲೀಸು. ಆಮೇಲೆ ಮೆಲ್ಲಗೆ ಬೆನ್ನಿನ ಮೇಲೆ ಮಲಗಿಸಿದೆ. ಆರೋಗ್ಯವಂತ ಹಾವು ಕ್ಷಣದಲ್ಲಿ ತಲೆಯಿಂದ ಶುರುಮಾಡಿ ಇಡೀ ಮೈಯನ್ನು ಹೊರಳಿಸಿ ಹೊಟ್ಟೆಯ ಮೇಲೆ ಬರುತ್ತದೆ. ಇದು ಬರಲಿಲ್ಲ. ತಲೆ ಸ್ಕ್ರೂ ತಿರುಗಿದಂತೆ ಒಂದು ಸುತ್ತು ತಿರುಗಿತು, ಮತ್ತೆ ಅಂಗಾತವೇ ಬಿತ್ತು. ಮೇಲೆ ಯಾವುದು, ಕೆಳಗೆ ಯಾವುದು ಎನ್ನುವುದು ಅದಕ್ಕೆ ಗೊತ್ತಾಗುತ್ತಿರಲಿಲ್ಲ.

"ಯಾವಾಗಿಂದ ಹೀಗೆ?"

"ತಂದಾಗಿಂದಲೂ ಸ್ವಲ್ಪ ಸ್ವಲ್ಪ ಇತ್ತು ಮೇಡಂ. ಮಾರಿದವರು ಹೊಸ ಜಾಗ, ಹೆದರಿಕೊಂಡಿದೆ, ಸರಿಹೋಗುತ್ತೆ ಅಂದ್ರು. ಈಗ ಇಲಿ ಕೊಟ್ರೆ ಹಿಡಿಯೋಕೂ ಆಗ್ತಿಲ್ಲ. ಇಲಿ ಇಲ್ಲಿದ್ರೆ ಅಲ್ಲಿಗೆ ಬಾಯಿ ಹಾಕುತ್ತೆ."

ಇದು ಕಾಯಿಲೆಯಲ್ಲ, ಹುಟ್ಟಿನಿಂದಲೇ ಬಂದದ್ದು, ವಾಸಿಯಾಗುವುದಿಲ್ಲ ಎಂದು ನಾನು ಹೇಳಬೇಕಾಯಿತು. ಈ ಬಣ್ಣದ ತಳಿಗೆ 'ಸ್ಪೈಡರ್' ಎಂದು ಹೆಸರು. ಆ ಬಣ್ಣ ಕೊಡುವ ವಂಶವಾಹಿಯೇ ಈ ನಡುಕವನ್ನೂ ಕೊಡುತ್ತದೆ. ಹುಡುಗ ಸುಮ್ಮನೆ ನಿಂತ. ಅಜ್ಜಿ ಸ್ವಲ್ಪ ಹೊತ್ತು ಆ ತಲೆಯನ್ನೇ ನೋಡುತ್ತಿದ್ದು ಕೇಳಿದರು:

"ಇದನ್ನ ಹುಟ್ಟಿಸಿದೋರಿಗೆ ಗೊತ್ತಿತ್ತೇನಮ್ಮ?"

ಮೂವತ್ತು ವರ್ಷದ ನನ್ನ ವೃತ್ತಿಯಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಈ ಲೇಖನ ಅವರ ಪ್ರಶ್ನೆಗೆ ನನ್ನ ಉತ್ತರ.

ಹಾವಿಗೂ ಕಿವಿಯಿದೆ

ಹಾವನ್ನು ನಮ್ಮ ಹಿರಿಯರು ಚಕ್ಷುಶ್ರವ ಎಂದರು. ಕಣ್ಣಿನಿಂದಲೇ ಕೇಳುವುದು ಎಂದರ್ಥ. ಹೊರಗಿವಿ ಇಲ್ಲ, ಕಿವಿಯ ತಮಟೆಯಿಲ್ಲ, ಹಾಗಾಗಿ ಹಾಗೆ ತೋರಿದ್ದು ಸಹಜ. ಆದರೆ ತಲೆಬುರುಡೆಯ ಒಳಗೆ ಹಾವಿಗೂ ನಮ್ಮಂತೆಯೇ ಒಳಗಿವಿ ಇದೆ. ಅದಕ್ಕೆ ಎರಡು ಕೆಲಸ. ಒಂದು, ಕಂಪನವನ್ನು ಗ್ರಹಿಸುವುದು. ಇನ್ನೊಂದು, ತಲೆ ಯಾವ ಕಡೆ ವಾಲಿದೆ, ಯಾವ ಕಡೆ ತಿರುಗುತ್ತಿದೆ ಎಂದು ಮಿದುಳಿಗೆ ತಿಳಿಸುವುದು. ಎರಡನೆಯ ಕೆಲಸಕ್ಕೆಂದೇ ಅರ್ಧ ಬಳೆಯಂತೆ ಬಾಗಿದ ಮೂರು ಪುಟ್ಟ ನಾಳಗಳೂ ಸಣ್ಣ ಚೀಲಗಳೂ ಇವೆ. ನಮಗೆ ತಲೆ ಸುತ್ತು ಬಂದಾಗ ಗೋಡೆ ಹಿಡಿದುಕೊಳ್ಳುತ್ತೇವಲ್ಲ, ಆಗ ಕೆಟ್ಟಿರುವುದು ಹೆಚ್ಚಾಗಿ ಇದೇ ವ್ಯವಸ್ಥೆ.

2022ರಲ್ಲಿ ಜರ್ಮನಿಯ ಸಂಶೋಧಕರು ಸ್ಪೈಡರ್ ಹಾವುಗಳ ಒಳಗಿವಿಯನ್ನು ಅತಿ ಸೂಕ್ಷ್ಮ ಸಿ.ಟಿ. ಸ್ಕ್ಯಾನಿನಲ್ಲಿ ನೋಡಿ, ಮಾಮೂಲಿ ಬಣ್ಣದ ಹಾವುಗಳ ಒಳಗಿವಿಯ ಜೊತೆ ಹೋಲಿಸಿದರು. ಸ್ಪೈಡರ್‌ಗಳಲ್ಲಿ ನಾಳಗಳ ಆಕಾರ ಕೆಟ್ಟಿತ್ತು, ಚೀಲವೊಂದು ಸರಿಯಾಗಿ ಬೆಳೆದೇ ಇರಲಿಲ್ಲ. ಈ ತಳಿಯ ಹಾವುಗಳು ತಲೆ ಅಲ್ಲಾಡಿಸುವುದನ್ನು ಸಾಕುವವರು ಅದಕ್ಕೂ ಎಷ್ಟೋ ವರ್ಷ ಮೊದಲೇ ನೋಡಿದ್ದರು. 'ವಾಬಲ್' ಎಂದು ಹೆಸರೂ ಇಟ್ಟಿದ್ದರು. ಅದು ಪ್ರಾಣಿಯ ಕ್ಷೇಮಕ್ಕೆ ಸಂಬಂಧಿಸಿದ ಗಂಭೀರ ತೊಂದರೆ ಎಂದು 2014ರಲ್ಲೇ ಪಶುವೈದ್ಯ ಪತ್ರಿಕೆಯೊಂದರಲ್ಲಿ ಲೇಖನ ಬಂದಿತ್ತು. 2022ರ ಕೆಲಸ ಕಾರಣ ಎಲ್ಲಿದೆ ಎಂದು ತೋರಿಸಿತು.

ಬಣ್ಣಕ್ಕೂ ಕಿವಿಗೂ ಏನು ಸಂಬಂಧ? ಭ್ರೂಣ ಇನ್ನೂ ಪುಟ್ಟದಾಗಿರುವಾಗ ಅದರ ಬೆನ್ನಿನ ಗುಂಟ ಒಂದು ಬಗೆಯ ಜೀವಕೋಶಗಳು ಹುಟ್ಟುತ್ತವೆ. ಅಲ್ಲಿಂದ ಅವು ದೇಹದ ಬೇರೆ ಬೇರೆ ಜಾಗಗಳಿಗೆ ವಲಸೆ ಹೋಗುತ್ತವೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಇವುಗಳಿಂದಲೇ ಆಗುವಂಥವು. ಒಳಗಿವಿಗೂ ಇವುಗಳ ಒಂದು ಗುಂಪು ತಲುಪುತ್ತದೆ. ಈ ವಲಸೆಯನ್ನು ಏರುಪೇರು ಮಾಡುವ ವಂಶವಾಹಿ ಮೈಬಣ್ಣವನ್ನು ಬದಲಿಸುವಾಗ ಕಿವಿಯನ್ನೂ ಮುಟ್ಟಬಹುದು. ಡಾಲ್ಮೇಷಿಯನ್ ನಾಯಿಗಳಲ್ಲಿ, ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಹುಟ್ಟುಕಿವುಡು ಹೆಚ್ಚಾಗಿ ಕಾಣುವುದು ಇದೇ ಜಾಡಿನಿಂದ. ಸ್ಪೈಡರ್ ಹಾವಿನಲ್ಲೂ ಇಂಥದೇ ನಂಟಿರಬೇಕು ಎಂದು ಸಂಶೋಧಕರು ಊಹಿಸುತ್ತಾರೆ.

ತಳಿಯ ಕಥೆ ದೊಡ್ಡದಲ್ಲ. ಪಶ್ಚಿಮ ಆಫ್ರಿಕಾದ ಕಾಡಿನಿಂದ ಅಮೆರಿಕಕ್ಕೆ ತಂದ ಹಾವುಗಳಲ್ಲಿ ಒಂದು ಹೀಗೆ ಜೇಡರ ಬಲೆಯ ಗೆರೆ ಹೊತ್ತು ಬಂದಿತ್ತು. ಅದನ್ನು ಕೂಡಿಸಿ 1999ರಲ್ಲಿ ಮೊದಲ ಮರಿಗಳನ್ನು ಪಡೆದರು. ನೋಡಿದವರಿಗೆಲ್ಲ ಬೇಕಾಯಿತು. ಬೇರೆ ಬಣ್ಣಗಳ ಜೊತೆ ಬೆರೆಸಿ 'ಬಂಬಲ್‌ಬೀ' ಮುಂತಾದ ಹತ್ತಾರು ಹೊಸ ಬಣ್ಣ ಮಾಡಿದರು. ಬೆರೆಸಿದಲ್ಲೆಲ್ಲ ನಡುಕವೂ ಜೊತೆಗೆ ಹೋಯಿತು.

ಒಂದೇ ತಲೆಮಾರಿನಲ್ಲಿ ನಿಲ್ಲಿಸಬಹುದಾದದ್ದು

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ. ಜವಾಬ್ದಾರಿ ಯಾರದು ಎನ್ನುವುದು ಈ ಲೆಕ್ಕದಲ್ಲೇ ಇದೆ.

ಪ್ರತಿ ವಂಶವಾಹಿಯೂ ಜೋಡಿಯಾಗಿರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಕೆಲವು ದೋಷಗಳು ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುತ್ತವೆ. ಒಂದೇ ಕಡೆಯಿಂದ ಬಂದರೆ ಒಳಗೇ ಅಡಗಿ ಕೂತು, ಎಷ್ಟೋ ತಲೆಮಾರಿನ ಮೇಲೆ ಎದ್ದು ಬರುತ್ತವೆ. ಅಂಥದನ್ನು ಸಾಕುವವನು ನಿಜವಾಗಿಯೂ ತಿಳಿಯದೆ ಹಂಚಿರಬಹುದು. ಸ್ಪೈಡರ್ ಹಾಗಲ್ಲ. ಒಂದು ಕಡೆಯಿಂದ ಬಂದರೂ ಸಾಕು, ಮೈ ಮೇಲೆ ಬಲೆ ಮೂಡುತ್ತದೆ. ಸ್ಪೈಡರ್ ಹಾವನ್ನು ಮಾಮೂಲಿ ಹಾವಿನ ಜೊತೆ ಕೂಡಿಸಿದರೆ ಪ್ರತಿ ಮೊಟ್ಟೆಯೂ ನಾಣ್ಯ ಚಿಮ್ಮಿದಂತೆ. ಆರು ಮೊಟ್ಟೆಯಿದ್ದರೆ ಹೆಚ್ಚುಕಡಿಮೆ ಮೂರರಲ್ಲಿ ಬಲೆ, ಮೂರು ಮಾಮೂಲಿ. ಬಲೆ ಇಲ್ಲದ ಮರಿಯಲ್ಲಿ ಆ ವಂಶವಾಹಿಯೂ ಇಲ್ಲ. ಅದರ ಮಕ್ಕಳಿಗೂ ಬರುವುದಿಲ್ಲ.

ಅಂದರೆ ಈ ದೋಷ ಎಲ್ಲೂ ಅಡಗಿ ಕೂರುವುದಿಲ್ಲ. ಎಲ್ಲರಿಗೂ ಕಾಣುವಂತೆ ಮೈ ಮೇಲೇ ಬರೆದಿರುತ್ತದೆ. ಸ್ಪೈಡರ್ ಹಾವನ್ನು ಕೂಡಿಸುವುದನ್ನು ಎಲ್ಲರೂ ನಿಲ್ಲಿಸಿದರೆ ಒಂದೇ ತಲೆಮಾರಿನಲ್ಲಿ ನಡುಕ ಮುಗಿಯುತ್ತದೆ. ಪ್ರಯೋಗಾಲಯ ಬೇಡ, ರಕ್ತಪರೀಕ್ಷೆ ಬೇಡ, ಖರ್ಚಿಲ್ಲ. ಗಂಡನ್ನೂ ಹೆಣ್ಣನ್ನೂ ಒಂದೇ ಡಬ್ಬದಲ್ಲಿ ಬಿಡದಿದ್ದರೆ ಆಯಿತು. ಮನುಷ್ಯರಲ್ಲೂ ಪ್ರಾಣಿಗಳಲ್ಲೂ ವಂಶದ ಎಷ್ಟೋ ಸಂಕಟಗಳ ಮುಂದೆ ವೈದ್ಯರಾದ ನಾವು ಕೈಚೆಲ್ಲಿ ಕೂತಿದ್ದೇವೆ. ಇಷ್ಟು ಸುಲಭವಾಗಿ ತಡೆಯಬಹುದಾದ ಸಂಕಟ ಅಪರೂಪ. ಅದಕ್ಕೇ ಇದು ನನ್ನನ್ನು ಇಷ್ಟು ಕಾಡುತ್ತದೆ.

ಬ್ರೀಡರ್‌ಗಳು ಎರಡು ಮಾತು ಹೇಳುತ್ತಾರೆ. ನಾನು ಅವನ್ನು ತಳ್ಳಿಹಾಕದೆ ಕೇಳಿದ್ದೇನೆ. ಮೊದಲನೆಯದು, ಎಲ್ಲ ಸ್ಪೈಡರ್‌ಗಳಿಗೂ ಜೋರಾಗಿ ನಡುಕ ಇರುವುದಿಲ್ಲ, ಕೆಲವಕ್ಕೆ ಕಂಡೂ ಕಾಣದಷ್ಟು ಎನ್ನುವುದು. ನಿಜ. ಆದರೆ ತಾಯಿಯ ನಡುಕ ಸಣ್ಣದಿದ್ದ ಮಾತ್ರಕ್ಕೆ ಮರಿಯದ್ದೂ ಸಣ್ಣದೇ ಇರುತ್ತದೆ ಎಂದಿಲ್ಲ. ಒಂದೇ ಸೂಲಿನ ಮರಿಗಳಲ್ಲೇ ಒಂದು ನೆಟ್ಟಗೆ ಹರಿಯುತ್ತದೆ, ಇನ್ನೊಂದು ಅಂಗಾತ ಬೀಳುತ್ತದೆ. ಯಾವ ಮೊಟ್ಟೆಗೆ ಯಾವುದು ಎಂದು ಗೊತ್ತಿಲ್ಲದೆ ಕೂಡಿಸುವವನು ಪಣಕ್ಕಿಡುವುದು ಆ ಮರಿಯ ಬದುಕನ್ನು. ಗೆದ್ದರೆ ಹಣ ಅವನಿಗೆ, ಸೋತರೆ ಪಾಡು ಹಾವಿಗೆ.

ಎರಡನೆಯದು, ತಿನ್ನುತ್ತದೆ, ಬೆಳೆಯುತ್ತದೆ, ಮೊಟ್ಟೆಯಿಡುತ್ತದೆ, ಇನ್ನೇನು ಬೇಕು ಎನ್ನುವುದು. ಹಸಿದ ಪ್ರಾಣಿ ತಿನ್ನುತ್ತದೆ, ನೋವಿದ್ದರೂ ತಿನ್ನುತ್ತದೆ. ಹಾವು ಕೂಗುವುದಿಲ್ಲ, ಕುಂಟುವುದಿಲ್ಲ, ಮುಖ ಕಿವುಚುವುದಿಲ್ಲ. ಅದರ ಸಂಕಟವನ್ನು ನಾವು ಅದು ಏನು ಮಾಡಲಾರದು ಎನ್ನುವುದರಿಂದ ಓದಬೇಕು. ಬೇಟೆಗೆ ಗುರಿ ಇಡುವುದು, ತಲೆ ಹುದುಗಿಸಿ ಅಡಗುವುದು, ಬಿದ್ದರೆ ಹೊರಳಿ ಏಳುವುದು. ಹಾವಾಗಿ ಬದುಕುವುದು ಎಂದರೆ ಇವೇ. ಇವಿಲ್ಲದೆ ಎಷ್ಟು ಕಾಲ? ಬಾಲ್ ಪೈಥಾನ್‌ಗಳು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬದುಕುತ್ತವೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಸುಮಾರು 62 ವರ್ಷದ ಹಾವೊಂದು 2020ರಲ್ಲಿ ಮೊಟ್ಟೆಯಿಟ್ಟಿತು. ನೆಲ ಯಾವ ಕಡೆಗಿದೆ ಎಂದು ತಿಳಿಯದೆ ಮೂವತ್ತು ವರ್ಷ ಕಳೆಯುವುದನ್ನು ಯೋಚಿಸಿ.

ಪೇಪರ್ ಎಲ್ಲ ಸರಿಯಾಗಿತ್ತು

ಆ ಹುಡುಗ ಒಳ್ಳೆಯವನು. ಇಂಟರ್ನ್‌ಶಿಪ್ಪಿನ ಎರಡು ತಿಂಗಳ ದುಡ್ಡು ಕೂಡಿಟ್ಟು ಕೊಂಡಿದ್ದ. ಬೇರೆ ಊರಿನ ಮಾರಾಟಗಾರ, ರಾತ್ರಿ ಬಸ್ಸಿನಲ್ಲಿ ಬಂದ ಡಬ್ಬ. ಆದರೂ ಕಾನೂನಿನ ಕೆಲಸ ಬಿಟ್ಟಿರಲಿಲ್ಲ. ಫೋನಿನಲ್ಲಿ ನೋಂದಣಿ ಪತ್ರ ತೋರಿಸಿದ.

ಓದುಗರು ಇದನ್ನು ತಿಳಿದಿರಬೇಕು. ನಮ್ಮ ಕಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವಂತೆಯೇ ಇಲ್ಲ. ನಮ್ಮ ಹೆಬ್ಬಾವು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪರಿಚ್ಛೇದದಲ್ಲಿದೆ. ವಿದೇಶಿ ಪ್ರಾಣಿಗಳು ಬಹಳ ಕಾಲ ಈ ಕಾಯ್ದೆಯ ಹೊರಗೇ ಉಳಿದಿದ್ದವು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಮನೆಯಲ್ಲಿ ವಿದೇಶಿ ಪ್ರಾಣಿಯಿದ್ದರೆ ಆರು ತಿಂಗಳೊಳಗೆ ತಾವಾಗಿ ಘೋಷಿಸಿಕೊಳ್ಳಿ, ಕಾಗದಪತ್ರ ಕೇಳುವುದಿಲ್ಲ ಎಂದಿತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಿದ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ನಮ್ಮ ಕಾಯ್ದೆಯ ನಾಲ್ಕನೆಯ ಪರಿಚ್ಛೇದಕ್ಕೆ ಸೇರಿದವು. ಬಾಲ್ ಪೈಥಾನ್ ಆ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 2024ರ ಫೆಬ್ರವರಿ 28ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು.

ಇದು ಬೇಕಿತ್ತು. ಯಾಕೆ ಬೇಕಿತ್ತು ಎನ್ನುವುದಕ್ಕೆ ನಮ್ಮದೇ ವಿಮಾನ ನಿಲ್ದಾಣ ಸಾಕ್ಷಿ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕಿನಿಂದ ಕೆಂಪೇಗೌಡ ನಿಲ್ದಾಣಕ್ಕೆ ಬಂದ ಲಗೇಜಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 78 ಪ್ರಾಣಿಗಳು ಸಿಕ್ಕವು. ಅದರಲ್ಲಿ 55 ಬೇರೆ ಬೇರೆ ಬಣ್ಣದ ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು. ಜೊತೆಗಿದ್ದ ಆರು ಕಾಪುಚಿನ್ ಕೋತಿಗಳು ಸತ್ತಿದ್ದವು. 'ಬೇರೆ ಬೇರೆ ಬಣ್ಣದ' ಎನ್ನುವ ಮಾತನ್ನು ಗಮನಿಸಿ. ಅಷ್ಟು ದೂರದಿಂದ, ಅಷ್ಟು ಅಪಾಯ ಹೊತ್ತು ಸಾಗಿಸಿದ್ದು ಆ ಬಣ್ಣಗಳಿಗಾಗಿ.

ಹುಡುಗನ ಪತ್ರದಲ್ಲಿ ಹಾವಿನ ಜಾತಿಯಿತ್ತು, ಅವನ ಹೆಸರಿತ್ತು, ವಿಳಾಸವಿತ್ತು. ಎಲ್ಲ ಸರಿಯಾಗಿತ್ತು. ಹಾವಿನ ತಲೆ ಮಾತ್ರ ನಿಲ್ಲುತ್ತಿರಲಿಲ್ಲ. ಆ ಪತ್ರ ಹಾವು ಯಾರದು ಎಂದು ಕೇಳಿತ್ತು, ಹೇಗಿದೆ ಎಂದು ಕೇಳಿರಲಿಲ್ಲ.

ಹಾಗೆಂದು ನಮ್ಮ ಕಾನೂನು ಪೂರ್ತಿ ಮೂಕವೇನಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ ದೃಷ್ಟಿಯಲ್ಲಿ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಯೂ ಪ್ರಾಣಿಯೇ, ಹಾವೂ ಕೂಡ. ಅದರ ಮೂರನೆಯ ಸೆಕ್ಷನ್, ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡವನು ಅದರ ಕ್ಷೇಮ ನೋಡಿಕೊಳ್ಳಬೇಕು, ಅದಕ್ಕೆ ಅನಗತ್ಯ ನೋವಾಗದಂತೆ ತಡೆಯಬೇಕು ಎನ್ನುತ್ತದೆ. 2014ರಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್, ಹಸಿವು, ನೋವು, ಭಯ ಇಲ್ಲದೆ, ಸಹಜ ನಡವಳಿಕೆಗೆ ಅಡ್ಡಿಯಿಲ್ಲದೆ ಬದುಕುವುದನ್ನೂ ಪ್ರಾಣಿಯ ಹಕ್ಕಿನೊಳಗೆ ಸೇರಿಸಿ ಓದಿತು. ಗೊತ್ತಿದ್ದೂ ನಡುಗುವ ಮರಿ ಹುಟ್ಟಿಸುವುದು ಅನಗತ್ಯ ನೋವಲ್ಲದೆ ಮತ್ತೇನು? ಬಣ್ಣ ಯಾರ ಅಗತ್ಯ? ಜರ್ಮನಿಯ ಪ್ರಾಣಿರಕ್ಷಣಾ ಕಾನೂನಿನಲ್ಲಿ, ಹುಟ್ಟುವ ಮರಿಗೆ ಯಾತನೆಯಾಗುವುದೆಂದು ನಿರೀಕ್ಷೆಯಿದ್ದರೆ ಆ ತಳಿಯನ್ನು ಬೆಳೆಸಬಾರದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಬ್ರಿಟನ್ನಿನ ಒಂದು ಸರೀಸೃಪ ಪ್ರಿಯರ ಸಂಘ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರಾಟವನ್ನು 2018ರಿಂದ ನಿಲ್ಲಿಸಿತು. ಅದನ್ನು ಮಾಡಿದ್ದು ಸರ್ಕಾರವಲ್ಲ, ಹಾವು ಸಾಕುವವರೇ ಕೂತು ಮಾಡಿದ ತೀರ್ಮಾನ.

ನಾಗರಕಲ್ಲಿನ ಮುಂದೆ

ನನ್ನ ತವರು ಮಲ್ಲೇಶ್ವರ. ಚಿಕ್ಕವಳಿದ್ದಾಗ ನಾಗರ ಪಂಚಮಿಯ ಬೆಳಿಗ್ಗೆ ಅಮ್ಮ ಕಾಡು ಮಲ್ಲೇಶ್ವರನ ಗುಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮರದ ಕೆಳಗೆ ಒಂದರ ಪಕ್ಕ ಒಂದು ನಾಗರಕಲ್ಲುಗಳು, ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಹೆಡೆಯ ಗೆರೆಯೇ ಮಾಸಿದವು. ಮಕ್ಕಳಾಗಲೆಂದು, ಆದ ಮಕ್ಕಳು ಚೆನ್ನಾಗಿರಲೆಂದು ಎಷ್ಟೋ ಮನೆಯವರು ಪ್ರತಿಷ್ಠೆ ಮಾಡಿಸಿದ ಕಲ್ಲುಗಳು. ಹಾವಿಗೆ ಕೇಡು ಬಗೆದರೆ ಅದು ನಮ್ಮ ಸಂತಾನಕ್ಕೆ ತಾಕುತ್ತದೆ ಎಂದು ಅಮ್ಮ ನಂಬಿದ್ದರು. ಅದನ್ನೇ ನಾಗದೋಷ ಎನ್ನುತ್ತಿದ್ದರು.

ಆ ಹುಡುಗ ಬಂದುಹೋದ ವಾರ ನಾನು ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ. ಅಮ್ಮನ ನಂಬಿಕೆಯನ್ನು ವೈದ್ಯೆಯಾಗಿ ನಾನು ಹಾಗೇ ಒಪ್ಪಲಾರೆ. ಆದರೆ ಅದರೊಳಗೊಂದು ತಿಳಿವಳಿಕೆಯಿದೆ. ಒಂದು ಕಾಲದಲ್ಲಿ ಮಾಡಿದ ತಪ್ಪು ಇನ್ನೊಂದು ಕಾಲದಲ್ಲಿ, ಇನ್ನೂ ಹುಟ್ಟದಿರುವ, ಏನೂ ಅರಿಯದ ಜೀವದ ಮೇಲೆ ಬೀಳುತ್ತದೆ ಎನ್ನುವ ತಿಳಿವಳಿಕೆ. ಸ್ಪೈಡರ್ ಹಾವಿನ ವಿಷಯದಲ್ಲಿ ಆಗಿರುವುದು ಅದೇ. ದಿಕ್ಕು ಮಾತ್ರ ತಿರುಗಿದೆ. ಮನುಷ್ಯ ಮಾಡಿದ ತಪ್ಪು ಹಾವಿನ ಸಂತಾನಕ್ಕೆ ತಾಕಿದೆ. ಅದಕ್ಕೆ ಶಾಂತಿ ಮಾಡಿಸಲು ಹಾವಿಗೆ ಯಾವ ಕಲ್ಲೂ ಇಲ್ಲ.

ಇದು ಹಾವೊಂದರ ಮಾತಲ್ಲ. ನನ್ನ ಟೇಬಲ್ಲಿನ ಮೇಲೆ ಚಪ್ಪಟೆ ಮೂಗಿನ ಪಗ್ ನಾಯಿಗಳು ಬೇಸಿಗೆಯಲ್ಲಿ ಉಸಿರಿಗಾಗಿ ಒದ್ದಾಡಿವೆ. ಆ ಮೂಗಿಗಾಗಿಯೇ ಅವನ್ನು ಕೊಂಡಿದ್ದರು. ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಬೆಕ್ಕುಗಳಲ್ಲಿ ಕಿವಿಯ ಮೃದ್ವಸ್ಥಿಯನ್ನು ಬಾಗಿಸುವ ವಂಶವಾಹಿಯೇ ಮೈಯ ಕೀಲುಗಳನ್ನೂ ಕೆಡಿಸುತ್ತದೆ. ಅಕ್ವೇರಿಯಂ ಅಂಗಡಿಗಳ 'ಪ್ಯಾರಟ್' ಮೀನಿಗೆ ಬಾಯಿ ಸರಿಯಾಗಿ ಮುಚ್ಚಲು ಬರುವುದಿಲ್ಲ. 'ಲೆಮನ್ ಫ್ರಾಸ್ಟ್' ಎಂಬ ನಿಂಬೆ ಬಣ್ಣದ ಲೆಪರ್ಡ್ ಗೆಕ್ಕೊ ಹಲ್ಲಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು, ಬಣ್ಣದ ಕೋಶಗಳ ಗಡ್ಡೆಗೆ ತುತ್ತಾಗುತ್ತವೆ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಅದರ ಹಿಂದಿನ ವಂಶವಾಹಿಯನ್ನು 2021ರಲ್ಲಿ ಗುರುತಿಸಿದರು. ಅದಕ್ಕೆ ಬೇಕಾದ ಮಾದರಿಗಳನ್ನು ಕೊಟ್ಟವನು ಆ ತಳಿಯನ್ನು ಬೆಳೆಸುತ್ತಿದ್ದ ಬ್ರೀಡರನೇ. ಈ ಎಲ್ಲದರಲ್ಲೂ ಒಂದೇ ಎಳೆ: ಕೊಳ್ಳುವವರ ಕಣ್ಣು ಸೆಳೆಯುವುದು ಯಾವುದೋ, ಪ್ರಾಣಿಯನ್ನು ಕಾಡುವುದೂ ಅದೇ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೆಗೆಯಲು ಬರುವುದಿಲ್ಲ.

ಬ್ರೀಡರ್ ಮಾಡಬೇಕಾದದ್ದು

ಹಾವು ಹುಟ್ಟಿಸುವವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹಾವಿನ ಮೈ ಕಾವು, ತೇವ, ಆಹಾರದ ಬಗ್ಗೆ ನನಗಿಂತ ಹೆಚ್ಚು ತಿಳಿದ ಹುಡುಗರನ್ನು ಕಂಡಿದ್ದೇನೆ. ಅವರಿಗೇ ನಾನು ಹೇಳುತ್ತಿರುವುದು. ಹೊಣೆ ಮಾರುವ ದಿನ ಶುರುವಾಗುವುದಿಲ್ಲ, ಜೋಡಿ ಕೂಡಿಸುವ ದಿನ ಶುರುವಾಗುತ್ತದೆ.

ಮೊದಲನೆಯದಾಗಿ, ಬಣ್ಣದ ಜೊತೆಗೆ ದೋಷ ಅಂಟಿಕೊಂಡಿದೆ ಎಂದು ಗೊತ್ತಿರುವ ತಳಿಯನ್ನು ಕೂಡಿಸಬಾರದು. ಸ್ಪೈಡರ್ ಅಷ್ಟೇ ಅಲ್ಲ, 'ಷಾಂಪೇನ್', 'ವೋಮಾ' ಮುಂತಾದವುಗಳಲ್ಲೂ ನಡುಕ ಕಂಡಿದೆ. 'ಕ್ಯಾರಮೆಲ್ ಆಲ್ಬಿನೊ'ದಲ್ಲಿ ಬೆನ್ನುಮೂಳೆ ಡೊಂಕಾಗುವುದು ಹೆಚ್ಚು. ಇವೆಲ್ಲ ಈ ವ್ಯಾಪಾರದಲ್ಲಿರುವವರಿಗೆ ಗೊತ್ತಿರುವ ಸಂಗತಿಗಳೇ.

ಎರಡನೆಯದಾಗಿ, ಪುಸ್ತಕ ಇಡಬೇಕು. ಯಾವ ಗಂಡು, ಯಾವ ಹೆಣ್ಣು, ಎಷ್ಟು ಮೊಟ್ಟೆ, ಎಷ್ಟು ಒಡೆದವು, ಎಷ್ಟು ಡೊಂಕು. ಎಲ್ಲ ಡೊಂಕೂ ವಂಶದ್ದಲ್ಲ. ಬಾಲ್ ಪೈಥಾನ್ ಮೊಟ್ಟೆಗೆ 31, 32 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಸುಮಾರು ಎರಡು ತಿಂಗಳು. ಅದು ಏರುಪೇರಾದರೂ ಮರಿಯ ಬೆನ್ನು ಡೊಂಕಾಗಬಹುದು. ಕಾವು ಸರಿಯಿದ್ದೂ ಅದೇ ಜೋಡಿಯಿಂದ ಮತ್ತೆ ಡೊಂಕು ಮರಿ ಬಂದರೆ ಆ ಜೋಡಿಯನ್ನು ಅಲ್ಲಿಗೆ ನಿಲ್ಲಿಸಬೇಕು. ಬಣ್ಣ ಗಟ್ಟಿಮಾಡಲು ಒಂದೇ ಸೂಲಿನ ಅಣ್ಣ ತಂಗಿಯನ್ನು, ತಾಯಿ ಮಗನನ್ನು ತಲೆಮಾರುಗಟ್ಟಲೆ ಕೂಡಿಸಿದರೆ ಅಡಗಿ ಕೂತ ದೋಷಗಳೆಲ್ಲ ಎದ್ದು ಬರುತ್ತವೆ. ಪುಸ್ತಕವಿಲ್ಲದವನಿಗೆ ಇದಾವುದೂ ಕಾಣುವುದಿಲ್ಲ.

ಮೂರನೆಯದಾಗಿ, ದೋಷದ ಮರಿ ಹುಟ್ಟಿದ ಮೇಲೆ ಅದು ಹುಟ್ಟಿಸಿದವನದೇ ಹೊಣೆ. ಚೆನ್ನಾಗಿ ಬದುಕಬಲ್ಲದಾದರೆ ತಾನೇ ಇಟ್ಟುಕೊಳ್ಳಲಿ, ಇಲ್ಲವೇ ಎಲ್ಲ ತಿಳಿಸಿ, ಸಂತಾನಕ್ಕೆ ಬಿಡುವುದಿಲ್ಲ ಎಂದು ಮಾತು ತೆಗೆದುಕೊಂಡು ಕೊಡಲಿ. ಬದುಕೇ ಯಾತನೆಯಾಗಿದ್ದರೆ ಪಶುವೈದ್ಯರ ಕೈಯಲ್ಲಿ ನೋವಿಲ್ಲದ ಕೊನೆ ಕೊಡಿಸಲಿ. ಮನೆಯ ಫ್ರೀಜರಿನಲ್ಲಿಟ್ಟು ಸಾಯಿಸುವುದು ಕ್ರೌರ್ಯ. ತುರಹಳ್ಳಿ ಕಾಡಿನಲ್ಲೋ ಕೆರೆಯ ಅಂಚಿನಲ್ಲೋ ಬಿಟ್ಟುಬರುವುದು ಇನ್ನೂ ಕೆಟ್ಟದ್ದು. ಆಫ್ರಿಕಾದ ಹಾವು ಅಲ್ಲಿ ಸಾಯುತ್ತದೆ, ಸಾಯುವ ಮೊದಲು ತನ್ನ ರೋಗವನ್ನು ನಮ್ಮ ಹಾವುಗಳಿಗೆ ದಾಟಿಸಬಹುದು.

ನಾಲ್ಕನೆಯದಾಗಿ, ಮಾರುವಾಗ ಹೇಳಬೇಕು. ಕೇಳಿದರೆ ಮಾತ್ರ ಅಲ್ಲ, ಕೇಳದಿದ್ದರೂ. ಬಾಯಲ್ಲಿ ಮಾತ್ರ ಅಲ್ಲ, ಬರೆದು. ಕೊಂಡವನಿಗೆ ಸಾಕಲಾಗದಿದ್ದರೆ ವಾಪಸು ತೆಗೆದುಕೊಳ್ಳಬೇಕು.

ಆದರೆ ಒಂದು ಮಾತು. ಹೇಳಿ ಮಾರಿದೆನಲ್ಲ, ನನ್ನ ಹೊಣೆ ಮುಗಿಯಿತು ಎನ್ನುವವರಿದ್ದಾರೆ. ಹೇಳಿ ಮಾರಿದರೆ ಕೊಂಡವನಿಗೆ ಮೋಸವಾಗುವುದಿಲ್ಲ, ಅಷ್ಟು ನಿಜ. ಕೊಂಡವನು ಎಲ್ಲ ತಿಳಿದು ಒಪ್ಪಿದ್ದಾನೆ. ಹಾವನ್ನು ಯಾರೂ ಕೇಳಿಲ್ಲ. ತಲೆ ನಡುಗುವುದು ಕೊಂಡವನದಲ್ಲ, ಹಾವಿನದು. ಆದ್ದರಿಂದ ಸತ್ಯ ಹೇಳುವುದು ಮಾರುವವನ ಧರ್ಮವಾದರೆ, ಕೂಡಿಸದಿರುವುದು ಹುಟ್ಟಿಸುವವನ ಧರ್ಮ. ಮೊದಲನೆಯದು ಎರಡನೆಯದರ ಬದಲಿಯಾಗುವುದಿಲ್ಲ.

ಕೊಳ್ಳುವವರ ಪಾಲೂ ಇದೆ. ಬಣ್ಣ ನೋಡಿ ಮರುಳಾಗುವ ಮೊದಲು ಹಾವನ್ನು ಕಣ್ಣಾರೆ ನೋಡಿ. ತಲೆ ನೇರ ನಿಲ್ಲುತ್ತದೆಯೇ, ಕೈ ಮೇಲೆ ನೆಟ್ಟಗೆ ಹರಿಯುತ್ತದೆಯೇ, ತಿನ್ನುವಾಗ ಗುರಿ ತಪ್ಪುತ್ತದೆಯೇ ನೋಡಿ. ತಂದೆ ತಾಯಿ ಯಾವ ತಳಿ ಎಂದು ಕೇಳಿ. ಉತ್ತರ ಕೊಡಲು ಹಿಂದೆಮುಂದೆ ನೋಡುವವರಿಂದ ಕೊಳ್ಳಬೇಡಿ.

ಡಬ್ಬದ ಮೇಲಿನ ಚೀಟಿ

ಹುಡುಗನಿಗೆ ನಾನು ಕೊಟ್ಟದ್ದು ಔಷಧಿಯಲ್ಲ, ಇದಕ್ಕೆ ಔಷಧಿಯಿಲ್ಲ. ಎತ್ತರದ ಕೊಂಬೆ ತೆಗೆದುಬಿಡು, ಬಿದ್ದರೆ ಏಳಲಾರದು. ಮೈಗೆ ಒತ್ತುವಷ್ಟು ಇಕ್ಕಟ್ಟಾದ, ತಗ್ಗಿನ ಗೂಡು ಕೊಡು, ನಾಲ್ಕೂ ಕಡೆ ಏನಾದರೂ ತಾಕುತ್ತಿದ್ದರೆ ಅದಕ್ಕೆ ಧೈರ್ಯ. ಸತ್ತ ಇಲಿಯನ್ನು ಚಿಮ್ಮಟದಲ್ಲಿ ಹಿಡಿದು ಬಾಯಿಯ ಹತ್ತಿರವೇ ಒಯ್ಯಿ, ತಪ್ಪಿದರೆ ತಾಳ್ಮೆಯಿಂದ ಕಾಯಿ. ಗೆಳೆಯರಿಗೆ ತೋರಿಸಲು ಪದೇ ಪದೇ ಹೊರಗೆ ತೆಗೆಯಬೇಡ, ಗಾಬರಿಯಾದಷ್ಟೂ ನಡುಕ ಹೆಚ್ಚುತ್ತದೆ. ಇಷ್ಟೇ.

ಆಗ ಅವನು ಇನ್ನೊಂದು ವಿಷಯ ಹೇಳಿದ. ಅವನು ಕೊಂಡದ್ದು ಗಂಡು. ಒಂದು ಹೆಣ್ಣು ತಂದು ಕೂಡಿಸಿದರೆ ಎರಡು ಸೀಸನ್‌ನಲ್ಲಿ ಹಾಕಿದ ದುಡ್ಡು ಬರುತ್ತದೆ ಎಂದು ಮಾರಿದವರು ಹೇಳಿದ್ದರಂತೆ. ಹೆಣ್ಣಿಗೆ ಮುಂಗಡವನ್ನೂ ಕೊಟ್ಟಿದ್ದ. ಕ್ಲಿನಿಕ್ಕಿನಿಂದಲೇ ಅವರಿಗೆ ಫೋನ್ ಮಾಡಿದ. ಹಾವಿನ ತಲೆಯ ವಿಷಯ ಹೇಳಿದಾಗ ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಸ್ಪೈಡರ್ ಎಲ್ಲ ಹಂಗೇ ಇರ್ತವೆ ಬ್ರೋ, ಅದೇನು ದೊಡ್ಡದಲ್ಲ."

ಅಜ್ಜಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಗೊತ್ತಿತ್ತು. ಅಜ್ಜಿ ಏನೂ ಮಾತಾಡಲಿಲ್ಲ. ಕಡಲೆಕಾಯಿ ಚೀಲವನ್ನು ನನ್ನ ಮೇಜಿನ ಮೇಲಿಟ್ಟು, ಡಬ್ಬವನ್ನು ತಾವೇ ಎತ್ತಿಕೊಂಡರು. ಅಲುಗದಂತೆ ಎರಡು ಕೈಯಲ್ಲಿ ಹಿಡಿದು ಆಟೋ ಹತ್ತಿದರು.

ಸಂಕ್ರಾಂತಿ ಕಳೆದ ಮೇಲೆ ಹಾವನ್ನು ನೋಡಲು ನಾನೇ ಅವರ ಮನೆಗೆ ಹೋದೆ. ಗಾಂಧಿ ಬಜಾರಿನ ಹಿಂದಿನ ರಸ್ತೆಯ ಹಳೇ ಮನೆ. ಹಾವು 40 ಗ್ರಾಂ ಹೆಚ್ಚಿತ್ತು. ನಡುಕ ಹಾಗೇ ಇತ್ತು, ಆದರೆ ಇಕ್ಕಟ್ಟಿನ ಗೂಡಿನೊಳಗೆ ತಲೆಯನ್ನು ಗೋಡೆಗೆ ಆನಿಸಿ ಮಲಗುವುದನ್ನು ಕಲಿತಿತ್ತು. ಹೆಣ್ಣು ಹಾವು ಬಂದಿರಲಿಲ್ಲ. ಮುಂಗಡ ಹೋಗಿತ್ತು. ಡಬ್ಬದ ಮುಂದೆ ಹುಡುಗ ಒಂದು ಚೀಟಿ ಅಂಟಿಸಿದ್ದ. ತಾನಿಲ್ಲದಾಗ ಬೇರೆಯವರು ನೋಡಿಕೊಳ್ಳುವಂತಾದರೆ ತಿಳಿಯಲಿ ಎಂದು, ಕನ್ನಡದಲ್ಲಿ, ಅಜ್ಜಿಗೂ ಓದಲು ಬರುವಂತೆ ದಪ್ಪ ಅಕ್ಷರದಲ್ಲಿ ಬರೆದಿದ್ದ:

ಗಂಡು. ಸ್ಪೈಡರ್. ಹುಟ್ಟಿನಿಂದ ತಲೆ ನಡುಕ ಇದೆ. ಎತ್ತರಕ್ಕೆ ಬಿಡಬಾರದು. ಸಂತಾನಕ್ಕೆ ಬಿಡುವುದಿಲ್ಲ.

ಮೊದಲ ನಾಲ್ಕು ಮಾತುಗಳು ಹಾವಿನ ಜೊತೆಗೆ ಬಸ್ಸಿನಲ್ಲೇ ಬರಬೇಕಿತ್ತು. ಕೊನೆಯದನ್ನು ಅದರ ತಾಯಿಯ ಡಬ್ಬದ ಮೇಲೋ ತಂದೆಯ ಡಬ್ಬದ ಮೇಲೋ ಯಾರಾದರೂ ಬರೆದಿದ್ದರೆ ಈ ಹಾವು ಹೀಗೆ ಹುಟ್ಟುತ್ತಲೇ ಇರಲಿಲ್ಲ.